17ಪ + 1 ಪೂರ್ಣ ವರ್ಗ: ಉತ್ತರ ಒಂದೇ ಅಂತ ಹೇಗೆ ಹೇಳೋದು?

ಬಳ್ಳಾಪುರದ ಅಪ್ಪ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಗಣಿತ ಬಿಟ್ಟು ಇಪ್ಪತ್ತೆರಡು ವರ್ಷ ಆಯಿತು, ಲೆಕ್ಕ ಮಾತ್ರ ದಿನಾ ಮಾಡುತ್ತೇನೆ. ಮಗಳು ಒಂಬತ್ತನೇ ಕ್ಲಾಸು. ಮೊನ್ನೆ ಟ್ಯೂಷನ್‌ನಿಂದ ಒಂದು ಹಾಳೆ ತಂದಳು, ಅದರ ಕೊನೆಯ ಪ್ರಶ್ನೆ ಇದು:

"ಪ ಒಂದು ಅವಿಭಾಜ್ಯ ಸಂಖ್ಯೆ. 17ಪ + 1 ಪೂರ್ಣ ವರ್ಗ. ಹಾಗಾದರೆ ಪ ಎಷ್ಟು?"

ಇಬ್ಬರೂ ಕೂತು ಒಂದೊಂದೇ ಹಾಕಿ ನೋಡಿದೆವು. 2 ಹಾಕಿದರೆ 35. 3ಕ್ಕೆ 52. 5ಕ್ಕೆ 86. 7ಕ್ಕೆ 120, ಇನ್ನೊಂದೇ ಒಂದು ಇದ್ದಿದ್ದರೆ 121 ಆಗಿ 11ರ ವರ್ಗ ಆಗುತ್ತಿತ್ತು, ಹೊಟ್ಟೆ ಉರಿಯಿತು. 11ಕ್ಕೆ 188, 13ಕ್ಕೆ 222, 17ಕ್ಕೆ 290, ಇಲ್ಲಿ 289 ದಾಟಿ ಒಂದು ಜಾಸ್ತಿ. 19ಕ್ಕೆ 324 ಬಂತು, ಅದು 18ರ ವರ್ಗ. ಸಿಕ್ಕಿತು ಅಂತ ಪುಸ್ತಕ ಮುಚ್ಚೋಕೆ ಹೋದೆ.

ಅವಳು ಬಿಡಲಿಲ್ಲ. "19 ಆದ ಮೇಲೆ ಇನ್ನೊಂದು ಇಲ್ಲ ಅಂತ ಯಾರು ಹೇಳಿದರು?" ಅಂದಳು. ಅಪ್ಪ ಅನ್ನಿಸಿಕೊಂಡ ಮೇಲೆ ಸುಮ್ನೆ ಕೂರೋಕಾಗುತ್ತಾ, ಕ್ಯಾಲ್ಕುಲೇಟರ್ ತಗೊಂಡು 101ರವರೆಗೆ ಹೋದೆ, 1718 ಬಂತು, ಅದೂ ವರ್ಗ ಅಲ್ಲ, ಮಧ್ಯೆ ಇರುವ ಯಾವುದೂ ಅಲ್ಲ. ಅವಳು ತಣ್ಣಗೆ "103?" ಅಂದಳು. ಟ್ಯೂಷನ್‌ನಲ್ಲಿ ಕೇಳಿದ್ದಾಳೆ, ಉತ್ತರ ಬಂತಲ್ಲ, ಪರೀಕ್ಷೆಗೆ ಅಷ್ಟು ಸಾಕು ಅಂದರಂತೆ. ಅವಳಿಗೆ ಸಾಕಾಗಿಲ್ಲ, ಈಗ ನನಗೂ ಸಾಕಾಗಿಲ್ಲ.

ಅವಿಭಾಜ್ಯ ಸಂಖ್ಯೆಗಳಿಗೆ ಕೊನೆ ಇಲ್ಲ ಅಂತ ಅವಳೇ ಹೇಳುತ್ತಾಳೆ. ಕೊನೆ ಇಲ್ಲದ್ದನ್ನು ಹಾಕಿ ನೋಡಿ ಮುಗಿಸೋದು ಹೇಗೆ? ಏನಾದರೂ ಉಪಾಯ ಇದೆಯಾ?

---

ಕೋಲಾರ ಮೇಷ್ಟ್ರು

ಮೊದಲು ಕ್ಯಾಲ್ಕುಲೇಟರ್ ಪಕ್ಕಕ್ಕಿಡಿ ಸಾರ್. ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಹುಡುಕುವುದು ಒಂದು ಕೆಲಸ, ಇನ್ನು ಹುಡುಕಬೇಕಾಗಿಲ್ಲ ಅಂತ ತೋರಿಸುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಅಪವರ್ತನ ಬೇಕು.

17ಪ + 1 ಯಾವುದೋ ಕ ಎಂಬ ಸಂಖ್ಯೆಯ ವರ್ಗ ಅಂದುಕೊಳ್ಳಿ. ಆ 1 ಅನ್ನು ಆ ಕಡೆ ಕಳಿಸಿ:

17 × ಪ = ಕ² − 1 = (ಕ − 1) × (ಕ + 1)

ಎಡಗಡೆ ಗುಣಾಕಾರ, ಬಲಗಡೆಯೂ ಗುಣಾಕಾರ. ಕೂಡಿಸುವ ಲೆಕ್ಕದಿಂದ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ, ಗುಣಿಸುವ ಲೆಕ್ಕ ಆದ ತಕ್ಷಣ ಸಂಖ್ಯೆ ಬಾಯಿ ಬಿಡುತ್ತದೆ. ಬಲಗಡೆ ಇರುವ ಎರಡು ಸಂಖ್ಯೆಗಳ ನಡುವೆ ಅಂತರ 2, ಜಾಸ್ತಿಯೂ ಇಲ್ಲ ಕಮ್ಮಿಯೂ ಇಲ್ಲ. ಎಡಗಡೆ 17 ಅವಿಭಾಜ್ಯ, ಪ ಅವಿಭಾಜ್ಯ. ಹಾಗಾಗಿ 17ಪ ಅನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆಯುವ ದಾರಿ ಎರಡೇ: ಒಂದು 1 × 17ಪ, ಇನ್ನೊಂದು 17 × ಪ.

ಮೊದಲನೇ ಜೋಡಿಯಲ್ಲಿ ಅಂತರ 2 ಆಗಬೇಕಾದರೆ 17ಪ ಅನ್ನೋದು 3 ಆಗಬೇಕು. ಆಗಲ್ಲ, ಬಿಡಿ. ಎರಡನೇ ಜೋಡಿಯಲ್ಲಿ 17ಕ್ಕೂ ಪಗೂ ಅಂತರ 2. ಅಂದರೆ ಪ 15 ಅಥವಾ 19. 15 ಅವಿಭಾಜ್ಯ ಅಲ್ಲ, 3 × 5. ಉಳಿದಿದ್ದು 19. ಮುಗಿಯಿತು. 103 ಅಲ್ಲ, ಒಂದು ಕೋಟಿಯ ಆಚೆ ಇರುವ ಅವಿಭಾಜ್ಯವನ್ನೂ ಹಾಕಿ ನೋಡಬೇಕಾಗಿಲ್ಲ.

(ಪ 17ಕ್ಕೇ ಸಮವಾದರೆ ಅಂತ ಮಗಳು ಕೇಳಬಹುದು. ಆಗ 289, ಅದರ ಜೋಡಿಗಳು 1 × 289 ಮತ್ತು 17 × 17. ಅಂತರ 288 ಮತ್ತು ಸೊನ್ನೆ. ಎರಡೂ 2 ಅಲ್ಲ.)

ಪ್ರಶ್ನೆಯಲ್ಲಿ "ಅವಿಭಾಜ್ಯ" ಅನ್ನುವ ಒಂದು ಪದ ಎಷ್ಟು ಭಾರ ಹೊತ್ತಿದೆ ಅಂತ ನೋಡಬೇಕಾದರೆ ಅದನ್ನು ತೆಗೆದು ನೋಡಿ. ಆಗ 15ಕ್ಕೆ 256 ಬರುತ್ತದೆ, 16ರ ವರ್ಗ. 64ಕ್ಕೆ 1089, ಅದು 33ರ ವರ್ಗ. 72ಕ್ಕೆ 1225, ಅದು 35ರ ವರ್ಗ. ಹೀಗೆ ಹೋಗುತ್ತಲೇ ಇರುತ್ತದೆ, ಕೊನೆಯೇ ಇಲ್ಲ. 64ರಲ್ಲಿ ಒಡೆಯಲು ಬೇಕಾದಷ್ಟು 2 ಇವೆ, ಹಾಗಾಗಿ 17 × 64 ಅನ್ನು 34 × 32 ಅಂತ ಹೊಂದಿಸಿಕೊಳ್ಳಬಹುದು. ಅವಿಭಾಜ್ಯ ಹಾಗೆ ಬಗ್ಗಲ್ಲ.

---

ಕೊನೇ ಬೆಂಚು

ಇದಕ್ಕೆ ಇಷ್ಟು ಉದ್ದ ಯಾಕೆ. ಕ − 1 = 17 ಅಂತ ಇಡಿ, ಕ + 1 = 19, ಅದೇ ಪ. ಒಂದೇ ಸಾಲು. ನಾನು ಎಲ್ಲ ಪರೀಕ್ಷೆಯಲ್ಲೂ ಹೀಗೇ ಬರೆದು ಪಾಸಾಗಿದ್ದು.

---

ತೆಂಗಿನತೋಟ ತುಮಕೂರು

@ಕೊನೇ ಬೆಂಚು, ಇದೇ ಒಂದು ಸಾಲನ್ನು 17ರ ಬದಲು 7 ಇಟ್ಟು ಬರೆಯಿರಿ ನೋಡೋಣ. 7ಪ + 1 ಪೂರ್ಣ ವರ್ಗ. ನಿಮ್ಮ ಲೆಕ್ಕದಲ್ಲಿ ಕ − 1 = 7, ಕ + 1 = 9, ಪ 9 ಬಂತು, 9 ಅವಿಭಾಜ್ಯ ಅಲ್ಲ, ಹಾಗಾಗಿ ಉತ್ತರ ಇಲ್ಲ ಅಂತ ಬರೆದು ಎದ್ದು ಬರುತ್ತೀರಿ. ಆದರೆ 7 × 5 + 1 = 36. ಉತ್ತರ 5. ದೊಡ್ಡದು 7 ಆಗಿ ಚಿಕ್ಕದು ಪ ಆಗಬಹುದು ಅನ್ನೋದನ್ನು ನೀವು ನೋಡಲೇ ಇಲ್ಲ. 17ರಲ್ಲಿ ಅದೃಷ್ಟಕ್ಕೆ ಸರಿ ಬಂತು ಅಷ್ಟೇ.

ನನಗೆ ಈ ಲೆಕ್ಕ ಕುತೂಹಲ ಅನ್ನಿಸಿ ನಿನ್ನೆ ರಾತ್ರಿ ಪಂಪ್‌ಸೆಟ್ಟಿಗೆ ಕರೆಂಟ್ ಕಾಯುತ್ತಾ ಕೂತಿದ್ದಾಗ 17ರ ಜಾಗದಲ್ಲಿ ಬೇರೆ ಬೇರೆ ಅವಿಭಾಜ್ಯ ಇಟ್ಟು ನೋಡಿದೆ. 3 ಇಟ್ಟರೆ ಪ 5 (16). 11 ಇಟ್ಟರೆ 13, 13 ಇಟ್ಟರೆ 11, ಎರಡಕ್ಕೂ ಅದೇ 144. 5 ಇಟ್ಟರೆ ಮಜಾ, ಎರಡು ಉತ್ತರ: 3 (16) ಮತ್ತು 7 (36). 23 ಇಟ್ಟರೆ ಒಂದೂ ಇಲ್ಲ, ಯಾಕೆಂದರೆ ಆ ಕಡೆ 21, ಈ ಕಡೆ 25, ಎರಡೂ ಒಡೆಯುತ್ತವೆ. ಅಂದರೆ 23ರಿಂದ ಯಾವ ಅವಿಭಾಜ್ಯವನ್ನು ಗುಣಿಸಿ 1 ಕೂಡಿದರೂ ಪೂರ್ಣ ವರ್ಗ ಬರೋಕೆ ಸಾಧ್ಯವೇ ಇಲ್ಲ. ಎಷ್ಟು ದೂರ ಹೋದರೂ ಇಲ್ಲ. ಇಷ್ಟು ದೊಡ್ಡ ಮಾತನ್ನು 21 ಮತ್ತು 25 ಅಂತ ಎರಡೇ ಸಂಖ್ಯೆ ನೋಡಿ ಹೇಳಬಹುದಲ್ಲ ಅಂತ ಕರೆಂಟ್ ಬಂದ ಮೇಲೂ ಸ್ವಲ್ಪ ಹೊತ್ತು ಕೂತೇ ಇದ್ದೆ.

5ಕ್ಕೆ ಮಾತ್ರ ಎರಡು ಉತ್ತರ ಬರುವುದಕ್ಕೂ ಕಾರಣ ಇದೆ. ಎರಡು ಬರಬೇಕಾದರೆ ಎರಡೆರಡರ ಅಂತರದಲ್ಲಿ ಮೂರು ಅವಿಭಾಜ್ಯ ಸಾಲಾಗಿ ನಿಲ್ಲಬೇಕು. ಹಾಗೆ ಮೂರು ಬೆಸ ಸಂಖ್ಯೆ ಸಾಲಾಗಿ ತಗೊಂಡರೆ ಒಂದಂತೂ 3ರಿಂದ ಭಾಗವಾಗಲೇಬೇಕು. 3ರಿಂದ ಭಾಗವಾಗುವ ಅವಿಭಾಜ್ಯ 3 ಒಂದೇ. ಹಾಗಾಗಿ 3, 5, 7 ಬಿಟ್ಟರೆ ಬೇರೆ ಸಾಲು ಇಲ್ಲ.

---

ಬಳ್ಳಾಪುರದ ಅಪ್ಪ

ಮೇಷ್ಟ್ರೇ, ಕೈ ಮುಗಿದೆ. ಮಗಳಿಗೆ ಓದಿ ಹೇಳಿದೆ, ಅರ್ಥ ಆಯಿತು ಅಂದಳು. ಎರಡು ನಿಮಿಷ ಬಿಟ್ಟು ವಾಪಸ್ ಬಂದಳು. "17ಪ ಒಡೆಯೋಕೆ ಎರಡೇ ದಾರಿ ಅಂತ ಅವರು ಹೇಳಿಬಿಟ್ಟರು. ಪ ತುಂಬಾ ದೊಡ್ಡದಾದರೆ ಎಲ್ಲೋ ಒಂದು ಕಡೆ ಬೇರೆ ಅಪವರ್ತನ ಬಚ್ಚಿಟ್ಟುಕೊಂಡಿರಬಹುದಲ್ವಾ?" ನಾನು ಅಂಗಡಿಗೆ ಹೊರಟೆ ಅಂತ ತಪ್ಪಿಸಿಕೊಂಡಿದ್ದೇನೆ. ಸಂಜೆಯೊಳಗೆ ಉತ್ತರ ಬೇಕು.

---

ಮಂಡಿ ಕಡೆಯವನು

ಮೇಷ್ಟ್ರು ಬರುವ ಮೊದಲು ನಾನೊಂದು ಹೇಳಿಬಿಡುತ್ತೇನೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ಕೆಲಸ. 15 ಕೆಜಿ ಬಾಕ್ಸುಗಳನ್ನು ಸಾಲು ಹಚ್ಚುವುದೇ ನಮ್ಮ ಬದುಕು. ನನಗೆ ಅಪವರ್ತನ ಅರ್ಥ ಆಗಿದ್ದು ಶಾಲೆಯಲ್ಲಿ ಅಲ್ಲ, ಇಲ್ಲಿ.

12 ಬಾಕ್ಸ್ ಇದ್ದರೆ ನೆಲದ ಮೇಲೆ ಮೂರು ಥರ ಹಚ್ಚಬಹುದು, ಒಂದೂ ಮಿಗದ ಹಾಗೆ: ಉದ್ದಕ್ಕೆ 12, ಇಲ್ಲ 2 ಸಾಲಲ್ಲಿ 6, ಇಲ್ಲ 3 ಸಾಲಲ್ಲಿ 4. 13 ಬಂದರೆ ಕಥೆ ಮುಗಿಯಿತು, ಉದ್ದಕ್ಕೆ ಒಂದೇ ಸಾಲು, ಬೇರೆ ಹೇಗೆ ಇಟ್ಟರೂ ಒಂದೆರಡು ಮಿಕ್ಕೇ ಮಿಗುತ್ತೆ. ಅದೇ ಅವಿಭಾಜ್ಯ. 36 ಬಂದರೆ 1 × 36, 2 × 18, 3 × 12, 4 × 9, ಆಮೇಲೆ 6 × 6. ಈ ಕೊನೆಯದರಲ್ಲಿ ಉದ್ದ ಅಗಲ ಎರಡೂ ಒಂದೇ. ಮಿಕ್ಕ ಜೋಡಿಗಳಿಂದ ತಲಾ ಎರಡು ಅಪವರ್ತನ, ಒಟ್ಟು 8, ಈ ಜೋಡಿಯಿಂದ ಮಾತ್ರ ಒಂದೇ. ಒಟ್ಟು 9, ಬೆಸ. ಯಾವ ಸಂಖ್ಯೆಗೆ ಅಪವರ್ತನಗಳ ಲೆಕ್ಕ ಬೆಸ ಬರುತ್ತದೋ ಅದು ಪೂರ್ಣ ವರ್ಗ, ಬೆಸ ಬರದಿದ್ದರೆ ಅಲ್ಲ. ಜೊತೆ ಸಿಗದೆ ತನಗೆ ತಾನೇ ಜೊತೆಯಾದ ಒಬ್ಬ ಇದ್ದಾನೆ ಅಂತ ಅರ್ಥ.

ಸರಿಯಾಗಿ ಮೂರೇ ಅಪವರ್ತನ ಇರುವ ಸಂಖ್ಯೆ ಯಾವುದು ಅಂತ ಮಗಳನ್ನು ಕೇಳಿ. ಮೂರು ಬೆಸ, ಆದ್ದರಿಂದ ವರ್ಗ ಆಗಲೇಬೇಕು. ಮಧ್ಯದ್ದು ಅವಿಭಾಜ್ಯವೂ ಆಗಬೇಕು, ಇಲ್ಲದಿದ್ದರೆ ಇನ್ನೂ ಒಡೆದು ಜಾಸ್ತಿ ಆಗಿಬಿಡುತ್ತೆ. ನೂರರ ಒಳಗೆ ನಾಲ್ಕೇ: 4, 9, 25, 49.

---

ಕೋಲಾರ ಮೇಷ್ಟ್ರು

ಮಂಡಿಯವರು ಚೆನ್ನಾಗಿ ಹೇಳಿದರು, ನಾನು ಮೂವತ್ತು ವರ್ಷ ಬೋರ್ಡ್ ಮೇಲೆ ಇದನ್ನು ಇದಕ್ಕಿಂತ ಒಣಗಿಸಿ ಹೇಳಿದ್ದೇನೆ.

ಮಗಳ ಅನುಮಾನಕ್ಕೆ ಬರುತ್ತೇನೆ. 17 × 19 ಅಂದರೆ 323. ಇದರೊಳಗೆ 7 ಬಚ್ಚಿಟ್ಟುಕೊಂಡಿರಬಹುದೇ? ಇಲ್ಲ. ಒಂದು ಅವಿಭಾಜ್ಯ ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವನ್ನು ಭಾಗಿಸಿದರೆ ಆ ಎರಡರಲ್ಲಿ ಒಂದನ್ನಾದರೂ ಭಾಗಿಸಲೇಬೇಕು. 7 ಅನ್ನೋದು 17ರೊಳಗೂ ಇಲ್ಲ, 19ರೊಳಗೂ ಇಲ್ಲ, ಹಾಗಾಗಿ 323ರೊಳಗೂ ಇಲ್ಲ. ಇದು ಎಲ್ಲ ಸಂಖ್ಯೆಗೂ ಇರುವ ಗುಣ ಅಲ್ಲ, ಅದನ್ನು ಗಮನಿಸಬೇಕು. 6 ತಗೊಳ್ಳಿ. 6 ಅನ್ನೋದು 4 × 9 ಅನ್ನು ಭಾಗಿಸುತ್ತದೆ, ಆದರೆ 4ನ್ನೂ ಭಾಗಿಸಲ್ಲ, 9ನ್ನೂ ಭಾಗಿಸಲ್ಲ. ಅದರ 2 ಇಲ್ಲಿಂದ, 3 ಅಲ್ಲಿಂದ, ಕದ್ದು ಕೂಡಿಸಿಕೊಂಡಿದೆ. ಅವಿಭಾಜ್ಯಕ್ಕೆ ಹೀಗೆ ಅರ್ಧರ್ಧ ಕದಿಯಲು ಬರುವುದಿಲ್ಲ, ಪೂರ್ತಿ ಒಂದೇ ಕಡೆ ಸಿಗಬೇಕು.

ಈ ಗುಣವನ್ನು ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬರೆದಿಟ್ಟ. ಪ್ರತಿ ಸಂಖ್ಯೆಯನ್ನೂ ಅವಿಭಾಜ್ಯಗಳಾಗಿ ಒಡೆಯುವ ರೀತಿ ಒಂದೇ ಅನ್ನುವುದನ್ನು ಗಾಸ್ 1801ರಲ್ಲಿ ಬಿಗಿಯಾಗಿ ಸಾಧಿಸಿ ತೋರಿಸಿದ. ನಮ್ಮ ಹತ್ತನೇ ತರಗತಿಯಲ್ಲಿ ಅದಕ್ಕೆ ಅಂಕಗಣಿತದ ಮೂಲಭೂತ ಪ್ರಮೇಯ ಅನ್ನುತ್ತಾರೆ, ಮಗಳು ಮುಂದಿನ ವರ್ಷ ಓದುತ್ತಾಳೆ. ಹೆಸರು ದೊಡ್ಡದು, ವಿಷಯ ಮಾತ್ರ ಅವಳು ಕೇಳಿದ್ದೇ.

ಇದರಿಂದ ಪೂರ್ಣ ವರ್ಗಕ್ಕೂ ಒಂದು ಗುರುತು ಸಿಗುತ್ತದೆ. ವರ್ಗ ಅಂದರೆ ಒಂದೇ ಸಂಖ್ಯೆ ಎರಡು ಸಲ. ಹಾಗಾಗಿ ಅದರೊಳಗಿನ ಪ್ರತಿ ಅವಿಭಾಜ್ಯವೂ ಜೋಡಿಜೋಡಿಯಾಗಿ ಬರಬೇಕು. ಒಂದಾದರೂ ಒಂಟಿಯಾಗಿ ನಿಂತಿದ್ದರೆ ಅದು ವರ್ಗ ಅಲ್ಲ. ನಮ್ಮ ಪಿನ್ ಕೋಡುಗಳನ್ನೇ ನೋಡಿ. ಚಿಕ್ಕಬಳ್ಳಾಪುರ 562101. ಕೊನೆಯಲ್ಲಿ 1 ಇದೆ, ವರ್ಗ ಆದರೂ ಆಗಬಹುದು ಅನ್ನಿಸುತ್ತದೆ. ಅಂಕಿ ಕೂಡಿದರೆ 15. ಅಂದರೆ 3 ಭಾಗಿಸುತ್ತದೆ, 9 ಭಾಗಿಸಲ್ಲ. ಒಳಗೆ ಒಂದೇ ಒಂದು 3, ಅದಕ್ಕೆ ಜೊತೆ ಇಲ್ಲ. ವರ್ಗ ಅಲ್ಲ. ವರ್ಗಮೂಲ ತೆಗೆಯುವ ಗೋಜೇ ಬೇಡ.

---

ಮಂಡಿ ಕಡೆಯವನು

ಕೋಲಾರ 563101 ನಾನು ಮಾಡಿದೆ. 7 × 80443. ಆ 80443ನ್ನು ಮತ್ತೆ 7ರಿಂದ ಭಾಗಿಸಿದರೆ 6 ಮಿಗುತ್ತೆ. ಹಾಗಾಗಿ 7 ಒಂಟಿ. ಅವಿಭಾಜ್ಯವೂ ಅಲ್ಲ, ವರ್ಗವೂ ಅಲ್ಲ. ಒಂದೇ ಏಟಿಗೆ ಎರಡೂ ಹೋಯಿತು.

---

ತೆಂಗಿನತೋಟ ತುಮಕೂರು

ನಮ್ಮದು ಸ್ವಲ್ಪ ಸತಾಯಿಸಿತು. 572101ಕ್ಕೆ 3 ಇಲ್ಲ, 7 ಇಲ್ಲ, 11 ಇಲ್ಲ, 13 ಇಲ್ಲ. ಅವಿಭಾಜ್ಯವೇ ಇರಬೇಕು ಅಂತ ಖುಷಿ ಪಡೋಷ್ಟರಲ್ಲಿ 17 ಹೊಂದಿಕೊಂಡಿತು: 17 × 33653. ಈ ಚರ್ಚೆಗೆ ಸರಿಯಾಗಿ 17ಏ ಬರಬೇಕಾ! 33653ರಲ್ಲಿ ಇನ್ನೊಂದು 17 ಇಲ್ಲ, 10 ಮಿಗುತ್ತದೆ. ಮೂರು ಊರಿನದೂ ಒಡೆಯಿತು.

ಹಾಗೊಮ್ಮೆ ಒಡೆಯದೇ ಇದ್ದಿದ್ದರೆ ನಾನು 756ರ ತನಕ ಹೋಗಬೇಕಿತ್ತು, ಅದರಾಚೆ ಬೇಡ. 757ರ ವರ್ಗ 573049, ನಮ್ಮ ಪಿನ್ ಕೋಡನ್ನು ದಾಟಿಬಿಡುತ್ತದೆ. ಜೋಡಿಯಲ್ಲಿ ಎರಡೂ ವರ್ಗಮೂಲಕ್ಕಿಂತ ದೊಡ್ಡದಾದರೆ ಗುಣಲಬ್ಧ ಸಂಖ್ಯೆಗಿಂತ ಜಾಸ್ತಿ ಆಗಿಬಿಡುತ್ತದಲ್ಲ, ಹಾಗಾಗಿ ಒಂದಾದರೂ ಒಳಗೇ ಸಿಗಬೇಕು. ತುಂಬಾ ಜನ ಅರ್ಧದವರೆಗೆ ಭಾಗಿಸುತ್ತಾ ಕೂರುತ್ತಾರೆ, ಸುಮ್ನೆ ಪೆನ್ನಿನ ಇಂಕ್ ದಂಡ.

---

ಕೊನೇ ಬೆಂಚು

7ರ ವಿಷಯದಲ್ಲಿ ತಪ್ಪೊಪ್ಪಿಕೊಂಡೆ. ಆದರೆ ಒಂದು ಅಂಕ ನನಗೂ ಕೊಡಿ: ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಅವಿಭಾಜ್ಯ ವರ್ಷ. ಕೊನೆಯಲ್ಲಿ 7 ಇದೆ, ನೋಡಿದರೇ ಗೊತ್ತಾಗುತ್ತೆ.

---

ಕೋಲಾರ ಮೇಷ್ಟ್ರು

ಅಂಕಿ ಕೂಡಿ ನೋಡಪ್ಪ. 2 + 7 = 9. ಆದ್ದರಿಂದ 2007 = 3 × 3 × 223. ಕೋಲಾರದಿಂದ ವಿಭಜನೆ ಆಗಿ ಹುಟ್ಟಿದ ಜಿಲ್ಲೆಗೆ ಅವಿಭಾಜ್ಯ ವರ್ಷ ಎಲ್ಲಿಂದ ಬರಬೇಕು?

ಮುಖ ನೋಡಿ ಅವಿಭಾಜ್ಯ ಅನ್ನುವ ಈ ಚಾಳಿಯನ್ನು ನಾನು ತರಗತಿಯಲ್ಲಿ 91 ಕೊಟ್ಟು ಬಿಡಿಸುತ್ತಿದ್ದೆ. ಎಲ್ಲರೂ ಅವಿಭಾಜ್ಯ ಅನ್ನುತ್ತಾರೆ. 91 ಅಂದರೆ 100 − 9, ಅಂದರೆ (10 − 3) × (10 + 3), 7 × 13. ಇಲ್ಲೂ 17ಪ ಲೆಕ್ಕದ ಉಪಾಯವೇ, ವರ್ಗದಿಂದ ವರ್ಗ ಕಳೆದರೆ ತಾನಾಗೇ ಒಡೆಯುತ್ತದೆ. 2021 ಕೂಡ ಹಾಗೆಯೇ ಮೋಸ ಮಾಡುವ ಸಂಖ್ಯೆ. 2025 ಅಂದರೆ 45ರ ವರ್ಗ, ಅದರಿಂದ 4 ಕಳೆದರೆ 2021. ಹಾಗಾಗಿ ಅದು 43 × 47. ಸಣ್ಣದರಿಂದ ಶುರು ಮಾಡಿ ಭಾಗಿಸುತ್ತಾ ಬಂದಿದ್ದರೆ 43 ತಲುಪುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ವರ್ಗ ಆಗಿರುವ ವರ್ಷ ಅಪರೂಪ: 2025ಕ್ಕೆ ಮೊದಲು 1936, ಮುಂದೆ 2116. ನಾವು ಒಂದನ್ನು ಕಂಡೆವು, ಅಷ್ಟೇ ಭಾಗ್ಯ.

---

ಬಳ್ಳಾಪುರದ ಅಪ್ಪ

ಸಂಜೆ ಅಂಗಡಿ ಮುಚ್ಚಿ ಬಂದು ಎಲ್ಲವನ್ನೂ ಮಗಳ ಮುಂದೆ ಇಟ್ಟೆ. 6 ಅರ್ಧರ್ಧ ಕದಿಯುವ ಮಾತು ಅವಳಿಗೆ ತುಂಬಾ ಹಿಡಿಸಿತು, ಈಗ ಮನೆಯಲ್ಲಿ ಯಾರು ಏನು ತಿಂದರೂ "ಆರು" ಅಂತ ಬೈಯುತ್ತಿದ್ದಾಳೆ. 29 ಇಟ್ಟು ಅವಳೇ ಮಾಡಿದಳು: 27 ಆಗಲ್ಲ, 31 ಆಗುತ್ತೆ, 29 × 31 + 1 = 900.

ತೆಂಗಿನತೋಟದವರಿಗೆ ಅವಳ ಪ್ರಶ್ನೆ: 3-5, 5-7, 11-13, 17-19, 29-31, ಈ ಥರ ಜೋಡಿ ಒಟ್ಟು ಎಷ್ಟಿವೆ?

---

ತೆಂಗಿನತೋಟ ತುಮಕೂರು

ಅಯ್ಯೋ ತಾಯಿ, ಇದು ನನ್ನ ಕೈಲಿ ಮಾತ್ರ ಅಲ್ಲ, ಜಗತ್ತಿನಲ್ಲಿ ಯಾರ ಕೈಲೂ ಆಗಿಲ್ಲ. ಇವಕ್ಕೆ ಅವಳಿ ಅವಿಭಾಜ್ಯಗಳು ಅನ್ನುತ್ತಾರೆ. ಕೊನೆ ಇಲ್ಲದಷ್ಟಿವೆ ಅಂತ ಎಲ್ಲರೂ ನಂಬುತ್ತಾರೆ, ಸಾಧಿಸಿದವರಿಲ್ಲ. 2013ರಲ್ಲಿ ಯೀತಾಂಗ್ ಝಾಂಗ್ ಅನ್ನುವ ಗಣಿತಜ್ಞ, ಅಂತರ 7 ಕೋಟಿಗಿಂತ ಕಮ್ಮಿ ಇರುವ ಅವಿಭಾಜ್ಯ ಜೋಡಿಗಳಿಗೆ ಕೊನೆ ಇಲ್ಲ ಅಂತ ಸಾಧಿಸಿದರು. 7 ಕೋಟಿ ಅಂದರೆ ನಗಬೇಡಿ, ಅದಕ್ಕೂ ಮೊದಲು ಇಂಥ ಯಾವ ಮಿತಿಯೂ ಇರಲಿಲ್ಲ. ಆಮೇಲೆ ಬೇರೆಯವರೂ ಸೇರಿ ಅದನ್ನು 246ಕ್ಕೆ ಇಳಿಸಿದರು. 2 ಇನ್ನೂ ಸಿಕ್ಕಿಲ್ಲ.

ಟ್ಯೂಷನ್ ಹಾಳೆಯ ಕೊನೇ ಪ್ರಶ್ನೆಯಲ್ಲಿ 17ರ ಬದಲು ಏನಿಟ್ಟರೆ ಉತ್ತರ ಸಿಗುತ್ತದೆ ಅಂತ ಕೇಳುತ್ತಾ ಹೋದರೆ ನೇರವಾಗಿ ಅಲ್ಲಿಗೇ ಹೋಗಿ ನಿಲ್ಲುತ್ತೇವೆ. 17 ಇಟ್ಟವರಿಗೆ ಅದು ಗೊತ್ತಿತ್ತೋ ಇಲ್ಲವೋ.

---

ಬಳ್ಳಾಪುರದ ಅಪ್ಪ

ಮಗಳು ಮೊಬೈಲ್ ಕಿತ್ತುಕೊಂಡಿದ್ದಾಳೆ, ಇನ್ನು ಮುಂದೆ ಅವಳದೇ:

ಎಲ್ಲರಿಗೂ ಥ್ಯಾಂಕ್ಸ್. ನಾನೊಂದು ಮಾಡಿದ್ದೇನೆ. ಪ ಅವಿಭಾಜ್ಯ. 2ಪ + 1 ಪೂರ್ಣ ಘನ, ಅಂದರೆ ಒಂದು ಸಂಖ್ಯೆಯನ್ನು ಮೂರು ಸಲ ಗುಣಿಸಿದ್ದು. ಪ ಎಷ್ಟು, ಒಂದೇನಾ, ಯಾಕೆ ಒಂದೇ? ನನಗೆ ಉತ್ತರ ಗೊತ್ತು. ಹಾಕಿ ನೋಡಿ ಹೇಳಿದರೆ ಒಪ್ಪಲ್ಲ.

---

ಕೊನೇ ಬೆಂಚು

13. 26 + 1 = 27. ಎರಡೇ ನಿಮಿಷ.

---

ಬಳ್ಳಾಪುರದ ಅಪ್ಪ

"103?" ಅಂತ ಕೇಳು ಅಂದಳು.